ವಾಯ್ಸ್ ಟೈಪಿಂಗ್ ಕೈಕೊಟ್ಟಾಗ: ಮೈಕಿನಿಂದ ಪೇಜ್‌ಮೇಕರ್‌ವರೆಗೆ ದೋಷ ಹುಡುಕುವ ಕ್ರಮ

ದಾವಣಗೆರೆಯ ಡಿಟಿಪಿ ಅಂಗಡಿಯಿರಲಿ, ಚಿತ್ರದುರ್ಗದ ಬಿ.ಡಿ. ರಸ್ತೆಯ ವಕೀಲರ ಕಚೇರಿಯಿರಲಿ, ಹೊಳಲ್ಕೆರೆಯ ಶಾಲೆಯಿರಲಿ, ಕಂಪ್ಯೂಟರಿನ ಮುಂದೆ ಕೂತು ಬಾಯಲ್ಲಿ ಹೇಳಿ ಕನ್ನಡ ಟೈಪ್ ಮಾಡಿಸುವವರ ದೂರು ಒಂದೇ: "ವಾಯ್ಸ್ ಟೈಪಿಂಗ್ ಬರ್ತಿಲ್ಲ". ಈ ಒಂದು ಮಾತಿನ ಹಿಂದೆ ಒಂದಕ್ಕೊಂದು ಸಂಬಂಧವಿಲ್ಲದ ಹಲವು ದೋಷಗಳು ಅಡಗಿರುತ್ತವೆ. ಮೈಕ್ ಪಿನ್ ತಪ್ಪು ತೂತಿನಲ್ಲಿರಬಹುದು, ಬ್ರೌಸರಿಗೆ ಅನುಮತಿ ಸಿಕ್ಕಿರದೇ ಇರಬಹುದು, ಮದರ್‌ಬೋರ್ಡಿನ ಬ್ಯಾಟರಿ ಸತ್ತಿರಬಹುದು, ಅಕ್ಷರವೆಲ್ಲ ಸರಿ ಬಂದು, ಪುಟ ಜೋಡಿಸುವ ತಂತ್ರಾಂಶವಾದ ಪೇಜ್‌ಮೇಕರಿನಲ್ಲಿ ಕೆಟ್ಟಿರಬಹುದು. ವಿಂಡೋಸ್ ಮರುಸ್ಥಾಪನೆ, ಹೊಸ ಹೆಡ್‌ಸೆಟ್ ಖರೀದಿ ಇವೆಲ್ಲ ಆಮೇಲಿನ ಮಾತು.

ಮೊದಲ ಕೆಲಸ ಒಂದೇ: ನಿಮ್ಮ ದನಿಯನ್ನು ರೆಕಾರ್ಡ್ ಮಾಡಿ ಕೇಳಿ. ವಿಂಡೋಸ್ 11ರಲ್ಲಿ ಸೌಂಡ್ ರೆಕಾರ್ಡರ್, 10ರಲ್ಲಿ ವಾಯ್ಸ್ ರೆಕಾರ್ಡರ್ ಎಂಬ ಆ್ಯಪ್ ಇದೆ. ಹತ್ತು ಸೆಕೆಂಡು ಸುಮ್ಮನಿರಿ, ಇಪ್ಪತ್ತು ಸೆಕೆಂಡು ಮಾಮೂಲಿ ದನಿಯಲ್ಲಿ ಮಾತಾಡಿ, ನಿಲ್ಲಿಸಿ, ಇಯರ್‌ಫೋನ್ ಹಾಕಿಕೊಂಡು ಕೇಳಿ. ದನಿ ಬರದಿದ್ದರೆ ದೋಷ ಮೈಕಿನಲ್ಲಿ ಅಥವಾ ವಿಂಡೋಸಿನಲ್ಲಿದೆ. ದನಿ ಇದ್ದು ಗುಂಯ್‌ಗುಟ್ಟುತ್ತಿದ್ದರೆ ಕರೆಂಟು, ಫ್ಯಾನು, ಲೆವೆಲ್ ನೋಡಬೇಕು. ದನಿ ಸ್ಪಷ್ಟವಾಗಿದ್ದೂ ಅಕ್ಷರ ಮೂಡದಿದ್ದರೆ ಬ್ರೌಸರು, ಇಂಟರ್‌ನೆಟ್ಟು. ಈ ಅರ್ಧ ನಿಮಿಷದ ಪರೀಕ್ಷೆಯಲ್ಲೇ ಅರ್ಧ ಹುಡುಕಾಟ ಮುಗಿಯುತ್ತದೆ. ಇದನ್ನು ಬಿಟ್ಟು ನೇರವಾಗಿ ಸೆಟ್ಟಿಂಗ್ಸ್‌ಗೆ ಕೈಹಾಕಿದರೆ ಸರಿಯಿದ್ದದ್ದನ್ನೂ ಕೆಡಿಸಿಕೊಳ್ಳುತ್ತೀರಿ.

ರೆಕಾರ್ಡಿಂಗಿನಲ್ಲೇ ದನಿ ಇಲ್ಲ

ಹೆಡ್‌ಸೆಟ್ ವೈರಿನ ಮೇಲೆ ಪುಟ್ಟ ಮ್ಯೂಟ್ ಸ್ವಿಚ್ ಇದ್ದರೆ ಮೊದಲು ಅದನ್ನು ನೋಡಿ. ಹಲವು ಲ್ಯಾಪ್‌ಟಾಪ್‌ಗಳ ಮೇಲಿನ ಸಾಲಿನ ಒಂದು ಕೀ ಮೇಲೂ ಗೀಟು ಎಳೆದ ಮೈಕಿನ ಚಿತ್ರವಿರುತ್ತದೆ. ಅದರ ದೀಪ ಉರಿಯುತ್ತಿದ್ದರೆ ಮೈಕ್ ಮುಚ್ಚಿದೆ ಎಂದೇ ಅರ್ಥ.

ಆಮೇಲೆ ಪಿನ್. ನಮ್ಮ ಊರುಗಳಲ್ಲಿ ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್‌ಗಳೇ ಹೆಚ್ಚು, ಅವುಗಳಲ್ಲಿ ಅತಿ ಹೆಚ್ಚು ತಪ್ಪುವುದು ಇಲ್ಲೇ. ಸಿಪಿಯು ಹಿಂಬದಿಯಲ್ಲಿ ಗುಲಾಬಿ ಬಣ್ಣದ ತೂತು ಮೈಕಿಗೆ, ಹಸಿರು ಸ್ಪೀಕರಿಗೆ, ನೀಲಿ ಲೈನ್ ಇನ್‌ಗೆ. ಇಯರ್‌ಫೋನಿನ ಪಿನ್ ಕೈಯಲ್ಲಿ ಹಿಡಿದು ಕಪ್ಪು ಪಟ್ಟಿ ಎಷ್ಟಿವೆ ಎಣಿಸಿ. ಎರಡು ಪಟ್ಟಿಯದು ಕೇಳುವುದಕ್ಕೆ ಮಾತ್ರ ಅಥವಾ ಮೈಕಿಗೆ ಮಾತ್ರ. ಮೂರು ಪಟ್ಟಿಯದು ಮೊಬೈಲ್ ಇಯರ್‌ಫೋನ್, ಕೇಳುವುದು ಮತ್ತು ಮಾತಾಡುವುದು ಎರಡೂ ಒಂದೇ ಪಿನ್ನಿನಲ್ಲಿ. ಈ ಮೂರು ಪಟ್ಟಿಯ ಪಿನ್ನನ್ನು ಡೆಸ್ಕ್‌ಟಾಪಿನ ಗುಲಾಬಿ ತೂತಿಗೆ ಚುಚ್ಚಿದರೆ ಒಳಗೆ ಮೈಕಿನ ಸಂಪರ್ಕ ಕೂಡುವುದಿಲ್ಲ. ಹೆಡ್‌ಸೆಟ್ ಹಾಳಾಗಿದೆ ಎಂದು ಎಸೆಯಬೇಡಿ, ಮೊಬೈಲಿಗೆ ಹಾಕಿದರೆ ಚೆನ್ನಾಗಿಯೇ ಇರುತ್ತದೆ. ಒಂದು ಕಡೆ ಮೂರು ಪಟ್ಟಿಯ ಹೆಣ್ಣು ಜಾಕ್, ಇನ್ನೊಂದು ಕಡೆ ಮೈಕಿಗೊಂದು ಸ್ಪೀಕರಿಗೊಂದು ಪಿನ್ ಇರುವ ವೈ ಸ್ಪ್ಲಿಟರ್ ಸಿಗುತ್ತದೆ. ಒಂದು ಪಿನ್ನನ್ನು ಎರಡು ಇಯರ್‌ಫೋನಿಗೆ ಹಂಚುವ ಸ್ಪ್ಲಿಟರೂ ನೋಡಲು ಹೀಗೇ ಇರುತ್ತದೆ, ಅದು ಬೇಡ. ಪಿನ್‌ಗಳ ಮೇಲೆ ಮೈಕಿನ ಚಿತ್ರ ಒಂದು, ಹೆಡ್‌ಫೋನಿನ ಚಿತ್ರ ಒಂದು ಇದೆಯೇ ಎಂದು ನೋಡಿ ಕೊಳ್ಳಿ. ಲ್ಯಾಪ್‌ಟಾಪಿನಲ್ಲಿ ಒಂದೇ ತೂತಿದ್ದರೆ ಮೂರು ಪಟ್ಟಿಯ ಪಿನ್ ಸಾಮಾನ್ಯವಾಗಿ ನೇರವಾಗಿ ನಡೆಯುತ್ತದೆ.

ಕ್ಯಾಬಿನೆಟ್ಟಿನ ಮುಂದಿನ ತೂತಿನಲ್ಲಿ ಬಾರದ ದನಿ ಹಿಂದಿನದರಲ್ಲಿ ಬಂದರೆ ಮುಂಬದಿಯ ಆಡಿಯೊ ಕೇಬಲ್ ಮದರ್‌ಬೋರ್ಡಿಗೆ ಕೂತಿಲ್ಲ. ಪವರ್ ಕಾರ್ಡ್ ಕಿತ್ತು, ಪಕ್ಕದ ಬಾಗಿಲು ತೆಗೆದು ನೋಡಿ. ಹಳೇ ಕ್ಯಾಬಿನೆಟ್‌ಗಳಲ್ಲಿ ಆ ಕೇಬಲ್ಲಿನ ತುದಿಗೆ ಎರಡು ಪ್ಲಗ್ ಇರುತ್ತವೆ: ಒಂದು ಎಚ್‌ಡಿ ಆಡಿಯೊ, ಇನ್ನೊಂದು ಎಸಿ97. ಈಗಿನ ಬೋರ್ಡುಗಳಿಗೆ ಕೂರಿಸಬೇಕಾದದ್ದು ಎಚ್‌ಡಿ ಆಡಿಯೊ.

ಭಜನೆ, ಕರೋಕೆಗೆ ಬಳಸುವ ಡೈನಮಿಕ್ ಮೈಕನ್ನು ಕನ್ವರ್ಟರ್ ಪಿನ್ ಹಾಕಿ ಕಂಪ್ಯೂಟರಿಗೆ ಜೋಡಿಸುವವರಿದ್ದಾರೆ. ದನಿ ಬರುತ್ತದೆ, ಆದರೆ ತೀರಾ ಕ್ಷೀಣ. ಸ್ಟುಡಿಯೊ ಕಂಡೆನ್ಸರ್ ಮೈಕಿಗೆ 48 ವೋಲ್ಟಿನ ಫ್ಯಾಂಟಮ್ ಪವರ್ ಬೇಕು, ಗುಲಾಬಿ ತೂತು ಅದನ್ನು ಕೊಡಲಾರದು. ಟೈಪಿಂಗಿಗೆ ಇವೆರಡೂ ಬೇಡ, ಸಾಧಾರಣ ಯುಎಸ್‌ಬಿ ಹೆಡ್‌ಸೆಟ್ ಸಾಕು. ಅದನ್ನು ಹಬ್‌ಗೆ ಹಾಕದೆ ಸಿಪಿಯು ಹಿಂಬದಿಯ ಯುಎಸ್‌ಬಿ ಪೋರ್ಟಿಗೆ ನೇರವಾಗಿ ಹಾಕಿ.

ಜೋಡಣೆ ಸರಿಯಿದ್ದರೆ ಸೆಟ್ಟಿಂಗ್ಸ್, ಸಿಸ್ಟಂ, ಸೌಂಡ್, ಇನ್‌ಪುಟ್ ತೆರೆಯಿರಿ. ಇನ್‌ಪುಟ್ ಪಟ್ಟಿಯಲ್ಲಿ ಎರಡು ಮೂರು ಮೈಕಿನ ಹೆಸರು ಇದ್ದರೆ ಹೆಸರು ನೋಡಿ ಊಹಿಸಬೇಡಿ. ಉಗುರಿನಿಂದ ಹೆಡ್‌ಸೆಟ್ ಮೈಕಿನ ತುದಿಯನ್ನು ಮೆಲ್ಲಗೆ ತಟ್ಟಿ. ತೆರೆಯ ಮೇಲಿನ ಮಟ್ಟದ ಗೆರೆ ಆಗ ಜಿಗಿಯದೆ, ಮಾನಿಟರಿನ ನೆತ್ತಿಯ ವೆಬ್‌ಕ್ಯಾಮ್ ತಟ್ಟಿದಾಗ ಜಿಗಿದರೆ, ಇಷ್ಟು ಹೊತ್ತು ನೀವು ಮಾತಾಡುತ್ತಿದ್ದದ್ದು ವೆಬ್‌ಕ್ಯಾಮಿನ ಮೈಕಿಗೆ. ಕೆಳಗಿನ ಮೋರ್ ಸೌಂಡ್ ಸೆಟ್ಟಿಂಗ್ಸ್ ತೆರೆದು ರೆಕಾರ್ಡಿಂಗ್ ಟ್ಯಾಬಿನಲ್ಲಿ ಹೆಡ್‌ಸೆಟ್ಟನ್ನು ಡಿಫಾಲ್ಟ್ ಡಿವೈಸ್ ಮಾಡಿ, ಡಿಫಾಲ್ಟ್ ಕಮ್ಯೂನಿಕೇಷನ್ ಡಿವೈಸ್ ಕೂಡ ಅದನ್ನೇ ಮಾಡಿ. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಒಂದು ಆ್ಯಪಿನಲ್ಲಿ ಬಂದು ಇನ್ನೊಂದರಲ್ಲಿ ಬಾರದ ಗೊಂದಲ ಉಳಿಯುತ್ತದೆ.

ಇನ್ನು ಅನುಮತಿ. ಪ್ರೈವಸಿ ಅಂಡ್ ಸೆಕ್ಯುರಿಟಿ ಕೆಳಗಿನ ಮೈಕ್ರೊಫೋನ್ ಪುಟದಲ್ಲಿ ಮೂರು ಕಡೆ ಕಣ್ಣಿಡಿ: ಮೇಲಿನ ಮೈಕ್ರೊಫೋನ್ ಆ್ಯಕ್ಸೆಸ್, ಅದರಡಿ ಆ್ಯಪ್‌ಗಳಿಗೆ ಅನುಮತಿ, ಕೊನೆಯಲ್ಲಿ ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ ಅನುಮತಿ. ಸೌಂಡ್ ರೆಕಾರ್ಡರ್ ಎರಡನೆಯದರ ಲೆಕ್ಕಕ್ಕೆ ಬರುತ್ತದೆ, ಕ್ರೋಮ್ ಮೂರನೆಯದರ ಲೆಕ್ಕಕ್ಕೆ. ಹಾಗಾಗಿ ರೆಕಾರ್ಡರಿನಲ್ಲಿ ದನಿ ಚೆನ್ನಾಗಿದ್ದು ಕ್ರೋಮ್ ಕಿವುಡಾಗಿದ್ದರೆ ಈ ಮೂರನೆಯ ಸ್ವಿಚ್ ನೋಡದೆ ಮುಂದೆ ಹೋಗಬೇಡಿ.

ಲ್ಯಾಪ್‌ಟಾಪಿನ ಒಳಮೈಕ್ ಮಂಕಾಗಿದ್ದರೆ ಧೂಳು ಕಾರಣವಿರಬಹುದು. ನಮ್ಮ ಬಯಲುಸೀಮೆಯ ಧೂಳು ಆ ಸೂಜಿಮೊನೆಯಷ್ಟು ತೂತಿನ ಬಾಯಿಗೆ ಕಟ್ಟಿಕೊಳ್ಳುತ್ತದೆ. ಒಣ ಮೆದು ಬ್ರಷ್‌ನಲ್ಲಿ ಒರೆಸಿ. ಪಿನ್ನು, ಸೇಫ್ಟಿ ಪಿನ್ನು ಯಾವುದನ್ನೂ ಒಳಗೆ ತೂರಿಸಬೇಡಿ, ಹಿಂದೆಯೇ ಮೈಕಿನ ತೆಳು ಪೊರೆ ಇರುತ್ತದೆ. ಹರಿದರೆ ರಿಪೇರಿ ಇಲ್ಲ.

ದನಿ ಇದೆ, ಜೊತೆಗೆ ಗದ್ದಲವೂ ಇದೆ

ರೆಕಾರ್ಡಿಂಗಿನ ಮೊದಲ ಹತ್ತು ಸೆಕೆಂಡು, ನೀವು ಸುಮ್ಮನಿದ್ದ ಭಾಗ, ಈಗ ಕೆಲಸಕ್ಕೆ ಬರುತ್ತದೆ. ಅಲ್ಲಿ ಒಂದೇ ಸಮನೆ ಗುಂಯ್ ಎನ್ನುವ ದಪ್ಪ ಸದ್ದಿದ್ದರೆ ಅದು 50 ಹರ್ಟ್ಸ್ ಕರೆಂಟಿನ ಹಮ್. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಮತ್ತೆ ರೆಕಾರ್ಡ್ ಮಾಡಿ. ಗುಂಯ್ ನಿಂತರೆ ಮೈಕ್ ಸರಿಯಿದೆ, ನಿಮ್ಮ ಸಾಕೆಟ್ಟಿನ ಅರ್ತಿಂಗ್ ಅಥವಾ ಚಾರ್ಜರ್ ಸರಿಯಿಲ್ಲ. ಹಳೇ ಕಟ್ಟಡಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಅರ್ತ್ ತಂತಿಯೇ ಎಳೆದಿರುವುದಿಲ್ಲ. ಇದ್ದ ಕಡೆಯೂ ಚಿತ್ರದುರ್ಗ, ಚಳ್ಳಕೆರೆ, ಜಗಳೂರಿನಂಥ ಒಣನೆಲದಲ್ಲಿ ಏಪ್ರಿಲ್, ಮೇ ಹೊತ್ತಿಗೆ ಅರ್ತ್ ಗುಂಡಿ ಒಣಗಿ ನಿಲ್ಲುತ್ತದೆ. ಮಣ್ಣಿನಲ್ಲಿ ತೇವ ಇಲ್ಲದಿದ್ದರೆ ಅರ್ತಿನ ಪ್ರತಿರೋಧ ಏರುತ್ತದೆ, ಹಮ್ ಕಂಪ್ಯೂಟರಿನೊಳಕ್ಕೆ ಬರುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಮೀಟರ್ ಹಿಡಿಸಿ: ಫೇಸ್ ಮತ್ತು ಅರ್ತ್ ನಡುವೆ 230 ವೋಲ್ಟಿನ ಆಸುಪಾಸು, ನ್ಯೂಟ್ರಲ್ ಮತ್ತು ಅರ್ತ್ ನಡುವೆ ಒಂದೆರಡು ವೋಲ್ಟ್ ತೋರಿಸಬೇಕು. ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕಿಸಿ. ಟೈಪಿಂಗಿಗಿಂತ ದೊಡ್ಡ ಕಾರಣವೂ ಇದಕ್ಕಿದೆ: ಅರ್ತ್ ಇಲ್ಲದ ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತದೆ, ಅದನ್ನು ಉದಾಸೀನ ಮಾಡಬಾರದು.

ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಓಡುವಾಗ ಮಾತ್ರ ಗರಗರ ಸದ್ದು ಬಂದರೆ ಆ ಇನ್ವರ್ಟರ್ ಸ್ಕ್ವೇರ್ ವೇವ್‌ನದಿರಬಹುದು. ಪ್ಯೂರ್ ಸೈನ್ ವೇವ್ ಇನ್ವರ್ಟರಿನಲ್ಲಿ ಈ ತೊಂದರೆ ಕಡಿಮೆ. ಬದಲಾಯಿಸುವುದು ಖರ್ಚಿನ ಬಾಬ್ತು, ಆ ಹೊತ್ತು ಲ್ಯಾಪ್‌ಟಾಪನ್ನು ಅದರ ಬ್ಯಾಟರಿ ಮೇಲೆ ಓಡಿಸಿಕೊಂಡರೂ ನಡೆಯುತ್ತದೆ. ಡೆಸ್ಕ್‌ಟಾಪಿಗೆ 3.5 ಮಿ.ಮೀ. ಪಿನ್ನಿನ ಮೈಕ್ ಬಿಟ್ಟು ಯುಎಸ್‌ಬಿ ಮೈಕ್ ಹಾಕಿದರೆ ಹಮ್ ಬಹಳ ಸಲ ಹೋಗುತ್ತದೆ.

ಬುಸ್ ಬುಸ್ ಎಂದು ಗಾಳಿ ಹೊಡೆದಂತೆ ಕೇಳಿದರೆ ಸೀಲಿಂಗ್ ಫ್ಯಾನು. ದಾವಣಗೆರೆಯ ಬಿಸಿಲಿನಲ್ಲಿ ಫ್ಯಾನ್ ಆರಿಸಿ ಎಂದು ಹೇಳಲಾಗದು, ಆದ್ದರಿಂದ ಮೈಕ್ ಸರಿಸಿ. ಮೈಕಿನ ತುದಿ ಬಾಯಿಯ ಎದುರಿಗಲ್ಲ, ತುಟಿಯ ಕೊನೆಗೆ, ಮೂರು ನಾಲ್ಕು ಬೆರಳಗಲ ದೂರದಲ್ಲಿರಲಿ. ಮೇಲೆ ಸ್ಪಂಜಿನ ಟೊಪ್ಪಿ ಹಾಕಿ. ಎದುರಿಗೇ ಇಟ್ಟರೆ ಪ, ಬ, ಫ ಹೇಳುವಾಗ ಉಸಿರು ಮೈಕಿಗೆ ಬಡಿದು ಮುಂದಿನ ಅಕ್ಷರವನ್ನೂ ನುಂಗುತ್ತದೆ.

ಲೆವೆಲ್ ವಿಷಯದಲ್ಲಿ ಜನ ಮಾಡುವ ತಪ್ಪು ಒಂದೇ, ಎಲ್ಲವನ್ನೂ ಪೂರ್ತಿ ಏರಿಸುವುದು. ರೆಕಾರ್ಡಿಂಗ್ ಟ್ಯಾಬಿನಲ್ಲಿ ಮೈಕಿನ ಪ್ರಾಪರ್ಟೀಸ್, ಲೆವೆಲ್ಸ್‌ಗೆ ಹೋದರೆ ಮೈಕ್ರೊಫೋನ್ ಬೂಸ್ಟ್ ಎಂಬ ಇನ್ನೊಂದು ಗೆರೆ ಹಲವು ಕಂಪ್ಯೂಟರುಗಳಲ್ಲಿ ಕಾಣುತ್ತದೆ: 0, 10, 20, 30 ಡೆಸಿಬೆಲ್. ಬೂಸ್ಟ್ 30ಕ್ಕೆ ಇಟ್ಟರೆ ನಿಮ್ಮ ದನಿಯೊಂದಿಗೆ ಫ್ಯಾನು, ರಸ್ತೆಯ ಹಾರನ್ನು, ಪಕ್ಕದ ಮೇಜಿನ ಮಾತು ಎಲ್ಲ ಏರುತ್ತವೆ. 0ರಿಂದ ಶುರುಮಾಡಿ 10ಕ್ಕೆ, ಬೇಕೇಬೇಕಾದರೆ 20ಕ್ಕೆ ಹೋಗಿ. ಮಾಮೂಲಿ ಮಾತಿಗೆ ಮಟ್ಟದ ಗೆರೆ ಮುಕ್ಕಾಲು ಭಾಗದ ಆಸುಪಾಸು ಆಡಬೇಕು. ಕೊನೆ ಮುಟ್ಟಿದರೆ ದನಿ ಒಡೆಯುತ್ತದೆ, ಒಡೆದ ದನಿಯಿಂದ ಕನ್ನಡದ ಒತ್ತಕ್ಷರ ಹೆಕ್ಕುವುದು ಯಾವ ಯಂತ್ರಕ್ಕೂ ಕಷ್ಟ. ಮಾತಿನ ತುದಿಗಳು ಕತ್ತರಿಸಿ ಹೋಗುತ್ತಿದ್ದರೆ ಆಡಿಯೊ ಎನ್‌ಹ್ಯಾನ್ಸ್‌ಮೆಂಟ್ಸ್ ಆಫ್ ಮಾಡಿ ನೋಡಿ. ಗದ್ದಲ ತೆಗೆಯುವ ಸೌಲಭ್ಯವೇ ಒಮ್ಮೊಮ್ಮೆ ಪದದ ಕೊನೆಯ ಮೆಲುದನಿಯನ್ನೂ ಗದ್ದಲವೆಂದು ಅಳಿಸಿಬಿಡುತ್ತದೆ.

ಬ್ಲೂಟೂತ್ ಹೆಡ್‌ಸೆಟ್‌ನಲ್ಲಿ ಹಾಡು ಚೆನ್ನಾಗಿ ಕೇಳುತ್ತದೆ, ಟೈಪಿಂಗ್ ಮಾತ್ರ ತಪ್ಪು ತಪ್ಪು ಎನ್ನುವವರಿಗೆ ಉತ್ತರ ಇದು: ಮೈಕ್ ಶುರುವಾದ ಕೂಡಲೇ ಅದು ಹ್ಯಾಂಡ್ಸ್‌ಫ್ರೀ ವಿಧಾನಕ್ಕೆ ಇಳಿಯುತ್ತದೆ. ಆಗ ದನಿಯ ಸ್ಯಾಂಪ್ಲಿಂಗ್ ಹಳೇ ವಿಧಾನದಲ್ಲಿ 8 ಕಿಲೋಹರ್ಟ್ಸ್, ಸುಧಾರಿಸಿದ್ದರಲ್ಲಿ 16. ಎಂಟಕ್ಕಿಳಿದಾಗ ಸ, ಶ, ಫ ನಡುವಿನ ವ್ಯತ್ಯಾಸ ತಿಳಿಸುವ ಮೇಲಿನ ಆವರ್ತನಗಳೇ ಕತ್ತರಿಸಿ ಹೋಗಿರುತ್ತವೆ. ದಿನವಿಡೀ ಟೈಪ್ ಮಾಡಿಸುವವರು ತಂತಿಯ ಹೆಡ್‌ಸೆಟ್ಟೇ ಇಟ್ಟುಕೊಳ್ಳಿ.

ದನಿ ಸ್ವಚ್ಛ, ಅಕ್ಷರ ಮಾತ್ರ ಇಲ್ಲ

ಕನ್ನಡಕ್ಕೆ ಹೆಚ್ಚಿನವರು ಬಳಸುವುದು ಗೂಗಲ್ ಡಾಕ್ಸ್: ಟೂಲ್ಸ್ ಮೆನುವಿನ ವಾಯ್ಸ್ ಟೈಪಿಂಗ್, ಅಥವಾ ಕಂಟ್ರೋಲ್, ಶಿಫ್ಟ್, ಎಸ್ ಒಟ್ಟಿಗೆ. ಫೈರ್‌ಫಾಕ್ಸಿನಲ್ಲಿ ಹುಡುಕಬೇಡಿ, ಕ್ರೋಮ್ ಬಳಸಿ. ವಿಂಡೋಸ್ 7 ಇರುವ ಹಳೇ ಯಂತ್ರಗಳಿಗೆ ಸಿಗುವ ಕೊನೆಯ ಕ್ರೋಮ್ ಆವೃತ್ತಿ 109. ಅಲ್ಲಿ ಏನೋ ಒಂದು ನಡೆಯದಿದ್ದರೆ ಸೆಟ್ಟಿಂಗ್ಸಿನಲ್ಲಿ ದಿನ ಕಳೆಯುವ ಬದಲು ಬೇರೆ ಯಂತ್ರ ನೋಡುವುದು ಮೇಲು.

ವಿಳಾಸಪಟ್ಟಿಯ ಎಡಗಡೆಯ ಪುಟ್ಟ ಚಿಹ್ನೆ ಒತ್ತಿ, ಮೈಕ್ರೊಫೋನ್ ಅಲೋ ಆಗಿದೆಯೇ ನೋಡಿ. ಮೊದಲ ಸಲ ಅನುಮತಿ ಕೇಳಿದಾಗ ಗಡಿಬಿಡಿಯಲ್ಲಿ ಬ್ಲಾಕ್ ಒತ್ತಿದವರಿಗೆ ಕ್ರೋಮ್ ಮತ್ತೆ ಕೇಳುವುದಿಲ್ಲ. ಕ್ರೋಮಿನ ಸೈಟ್ ಸೆಟ್ಟಿಂಗ್ಸ್‌ನಲ್ಲೂ ಮೈಕ್ರೊಫೋನ್ ಆಯ್ಕೆ ಇದೆ, ಅಲ್ಲಿಯೂ ವಿಂಡೋಸಿನಲ್ಲಿ ಆರಿಸಿದ ಮೈಕೇ ಇರಲಿ. ಬದಲಾಯಿಸಿದ ಮೇಲೆ ಟ್ಯಾಬ್ ರಿಲೋಡ್ ಮಾಡಿ.

ನಿಮ್ಮ ಮಾತು ಅಕ್ಷರವಾಗುವುದು ನಿಮ್ಮ ಕಂಪ್ಯೂಟರಿನಲ್ಲಲ್ಲ, ಗೂಗಲ್ಲಿನ ಸರ್ವರಿನಲ್ಲಿ. ಗೋಪ್ಯವಾಗಿರಬೇಕಾದ ಕಕ್ಷಿದಾರರ ವಿವರಗಳನ್ನು ಹೇಳುವ ಮುಂಚೆ ವಕೀಲರು ಇದನ್ನು ನೆನಪಿಡಬೇಕು. ದೋಷ ಹುಡುಕುವವರು ನೆನಪಿಡಬೇಕಾದದ್ದು, ನೆಟ್ ತಡವರಿಸಿದರೆ ಟೈಪಿಂಗೂ ತಡವರಿಸುತ್ತದೆ ಎಂಬುದು. ಕಮಾಂಡ್ ಪ್ರಾಂಪ್ಟಿನಲ್ಲಿ ಪಿಂಗ್ ಎಂದು ಬರೆದು, ಜಾಗ ಬಿಟ್ಟು 8.8.8.8, ಮತ್ತೆ ಜಾಗ ಬಿಟ್ಟು ಹೈಫನ್ ಟಿ ಹಾಕಿ ಎಂಟರ್ ಒತ್ತಿ ಎರಡು ನಿಮಿಷ ಓಡಲು ಬಿಡಿ. ನಡುನಡುವೆ ರಿಕ್ವೆಸ್ಟ್ ಟೈಮ್ಡ್ ಔಟ್ ಬರುತ್ತಿದ್ದರೆ ದೋಷ ಲೈನಿನದು. ಅದೇ ವೈಫೈಗೆ ಮೊಬೈಲ್ ಜೋಡಿಸಿ, ಗೂಗಲ್ ಕೀಬೋರ್ಡಾದ ಜಿಬೋರ್ಡಿನ ಮೈಕ್ ಒತ್ತಿ ಕನ್ನಡ ಹೇಳಿ ನೋಡಿ. ಮೊಬೈಲಿನಲ್ಲಿ ಬಂದು ಕಂಪ್ಯೂಟರಿನಲ್ಲಿ ಬಾರದಿದ್ದರೆ ನೆಟ್ ಮೇಲೆ ಅನುಮಾನ ಬಿಡಿ. ಅಲ್ಲಿಗೆ ತುರ್ತು ದಾರಿಯೂ ಸಿಕ್ಕಿತು: ಅದೇ ಗೂಗಲ್ ಡಾಕ್ಸ್ ಕಡತವನ್ನು ಮೊಬೈಲಿನಲ್ಲಿ ತೆರೆದು ಮಾತಾಡಿದರೆ ಅಕ್ಷರ ಕಂಪ್ಯೂಟರಿನ ತೆರೆಯಲ್ಲೂ ಮೂಡುತ್ತ ಹೋಗುತ್ತದೆ. ಕಾಲೇಜು, ಕಚೇರಿಗಳ ನೆಟ್ಟಿನಲ್ಲಿ ಫೈರ್‌ವಾಲ್ ತಡೆಯುವುದೂ ಉಂಟು, ಮೊಬೈಲ್ ಹಾಟ್‌ಸ್ಪಾಟಿಗೆ ಜೋಡಿಸಿದರೆ ಅದು ಬಯಲಾಗುತ್ತದೆ.

ಹಳೇ ಡೆಸ್ಕ್‌ಟಾಪ್‌ಗಳಲ್ಲಿ ಯಾರೂ ಅನುಮಾನಿಸದ ಇನ್ನೊಂದು ಕಾರಣ ತಾರೀಕು. ತೆರೆಯ ಮೂಲೆಯಲ್ಲಿ ವರ್ಷ ಎಷ್ಟೋ ಹಿಂದಿನದಿದ್ದರೆ ಸುರಕ್ಷಿತ ಸಂಪರ್ಕದ ಪ್ರಮಾಣಪತ್ರ ಕ್ರೋಮಿಗೆ ಹೊಂದುವುದಿಲ್ಲ, ಗಡಿಯಾರ ತಪ್ಪಾಗಿದೆ ಎಂಬ ಎಚ್ಚರಿಕೆ ತೋರಿಸಿ ನಿಲ್ಲುತ್ತದೆ. ತಾರೀಕು ಸರಿಮಾಡಿದರೂ ಪ್ರತಿ ಸಲ ಕರೆಂಟ್ ಹೋಗಿ ಬಂದಾಗ ಹಿಂದಕ್ಕೆ ಹೋದರೆ ಮದರ್‌ಬೋರ್ಡಿನ ನಾಣ್ಯದಾಕಾರದ ಬ್ಯಾಟರಿ ಮುಗಿದಿದೆ. ಸಾಮಾನ್ಯವಾಗಿ ಅದು ಸಿಆರ್2032, 3 ವೋಲ್ಟಿನದು, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಪವರ್ ಕಾರ್ಡ್ ಕಿತ್ತು, ಪ್ಲಸ್ ಗುರುತು ಮೇಲಿರುವಂತೆ ಹೊಸದನ್ನು ಕೂರಿಸಿ.

ಚೆನ್ನಾಗಿ ನಡೆಯುತ್ತಿದ್ದು ನಡುವೆ ನಿಂತರೆ ಅದು ದೋಷವೇ ಅಲ್ಲದಿರಬಹುದು. ಬೇರೆ ಟ್ಯಾಬಿಗೆ ಹೋದರೆ, ಬೇರೆ ಕಿಟಕಿ ತೆರೆದರೆ, ಬಹಳ ಹೊತ್ತು ಸುಮ್ಮನಿದ್ದರೆ ಡಾಕ್ಸ್ ಕೇಳುವುದನ್ನು ನಿಲ್ಲಿಸುತ್ತದೆ. ಮೈಕಿನ ಚಿಹ್ನೆ ಕೆಂಪಾಗಿದ್ದರೆ ಕೇಳುತ್ತಿದೆ. ಓದಿ ಹೇಳುವ ಕಾಗದವನ್ನು ಇನ್ನೊಂದು ಟ್ಯಾಬಿನಲ್ಲಿ ಇಟ್ಟುಕೊಂಡರೆ ಹೀಗೇ ಆಗುತ್ತದೆ, ಪ್ರಿಂಟ್ ತೆಗೆದಿಟ್ಟುಕೊಳ್ಳಿ.

ಅಕ್ಷರ ಬರುತ್ತಿದೆ, ಹೇಳಿದ್ದೇ ಒಂದು ಬಂದದ್ದೇ ಒಂದು

ಕನ್ನಡ ಹೇಳಿದರೆ ಅರ್ಥವಿಲ್ಲದ ಇಂಗ್ಲಿಷ್ ಪದಗಳ ಸರ ಬಂದರೆ ಭಾಷೆಯ ಆಯ್ಕೆ ತಪ್ಪಿದೆ. ಡಾಕ್ಸಿನಲ್ಲಿ ಮೈಕಿನ ಚಿಹ್ನೆಯ ಮೇಲೇ ಭಾಷೆಯ ಪಟ್ಟಿ ಇದೆ, ಕನ್ನಡ ಆರಿಸಿ. ವಿಂಡೋಸಿನದೇ ವಾಯ್ಸ್ ಟೈಪಿಂಗ್, ಅಂದರೆ ವಿಂಡೋಸ್ ಕೀ ಮತ್ತು ಎಚ್, ಆ ಹೊತ್ತಿನ ಕೀಬೋರ್ಡ್ ಭಾಷೆಯನ್ನು ಹಿಡಿಯುತ್ತದೆ. ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿ ಭಾಷೆ ಬದಲಿಸಬೇಕು. ಅಲ್ಲಿ ಕನ್ನಡ ಸಿಗದಿದ್ದರೆ ಡಾಕ್ಸಿಗೇ ಮರಳಿ.

ನಮ್ಮ ಕಡೆಯ ಮಾತು ಬರಹದ ಕನ್ನಡದಿಂದ ದೂರ. ಐತಿ, ಐತೆ, ಮಾಡ್ಯಾನೆ ಎಂದು ಹೇಳುತ್ತ ಹೋದರೆ ತಪ್ಪು ಹೆಚ್ಚುತ್ತದೆ. ಬರೆಯುವ ರೂಪದಲ್ಲೇ, ಇದೆ, ಮಾಡಿದ್ದಾನೆ ಎಂದು, ಪೂರ್ತಿ ವಾಕ್ಯವಾಗಿ ಹೇಳಿ. ಒಂದೊಂದೇ ಪದ ಬಿಡಿಸಿ ಹೇಳಿದರೆ ಸ್ಪಷ್ಟ ಎಂದು ಹಲವರು ತಿಳಿಯುತ್ತಾರೆ, ಆಗುವುದು ಉಲ್ಟಾ. ಅಕ್ಕಪಕ್ಕದ ಪದ ನೋಡಿಯೇ ಯಂತ್ರ ಅಕ್ಕಿಯೋ ಹಕ್ಕಿಯೋ, ಹಲ್ಲಿಯೋ ಹಳ್ಳಿಯೋ ಎಂದು ತೀರ್ಮಾನಿಸುತ್ತದೆ. ಹಕಾರ ಬಿಟ್ಟು ಮಾತಾಡುವ ರೂಢಿಯಿದ್ದವರು ಅದೊಂದನ್ನು ಕಾಳಜಿಯಿಂದ ಹೇಳಿದರೆ ಸಾಕಷ್ಟು ತಪ್ಪು ತಗ್ಗುತ್ತದೆ.

ಊರ ಹೆಸರು ಒಡೆಯುವುದು ಇನ್ನೊಂದು ಕಾಟ. ಮೊಳಕಾಲ್ಮೂರು ಎಂದದ್ದು ಮೊಳಕಾಲು ಮೂರು ಆಗಬಹುದು, ಹೊಳಲ್ಕೆರೆ ಎರಡು ತುಂಡಾಗಬಹುದು. ಒಂದು ಕಡತದಲ್ಲಿ ಹೇಗೆ ಒಡೆದಿದೆ ನೋಡಿಕೊಂಡು ಕಂಟ್ರೋಲ್ ಎಚ್ ಒತ್ತಿ ಎಲ್ಲವನ್ನೂ ಒಮ್ಮೆಗೇ ಬದಲಿಸಿ. ಪೂರ್ಣವಿರಾಮಕ್ಕೂ ಇದೇ ದಾರಿ. ಡಾಕ್ಸಿನಲ್ಲಿ ಇಂಗ್ಲಿಷಿನಂಥ ಕೆಲವು ಭಾಷೆಗಳಿಗೆ ಮಾತ್ರ ಚಿಹ್ನೆಗಳನ್ನು ಬಾಯಲ್ಲಿ ಹೇಳುವ ಸೌಲಭ್ಯವಿದೆ. ಕನ್ನಡದಲ್ಲಿ ಪೂರ್ಣವಿರಾಮ ಎಂದರೆ ಆ ಪದವೇ ಟೈಪಾಗುತ್ತದೆ. ಹಾಗೇ ಹೇಳುತ್ತ ಹೋಗಿ, ಕೊನೆಗೆ ಹುಡುಕುವ ಜಾಗದಲ್ಲಿ ಒಂದು ಸ್ಪೇಸ್ ಸೇರಿಸಿ ಪೂರ್ಣವಿರಾಮ ಎಂದು, ಬದಲಿಸುವ ಜಾಗದಲ್ಲಿ ಬರೀ ಚುಕ್ಕಿ ಹಾಕಿ. ಪೂರ್ಣ, ವಿರಾಮ ಎಂದು ಬಿಡಿಯಾಗಿ ಬಂದಿದ್ದರೆ ಅದಕ್ಕೂ ಒಮ್ಮೆ ಮಾಡಿ.

ಕ್ರಯಪತ್ರ, ಕರಾರು ಪತ್ರಗಳಲ್ಲಿ ಸರ್ವೆ ನಂಬರು, ಚಕ್ಕುಬಂದಿ, ಹಣದ ಮೊತ್ತ, ವ್ಯಕ್ತಿಗಳ ಹೆಸರು ಮಾತ್ರ ಕೈಯಿಂದಲೇ ಟೈಪ್ ಮಾಡಿ. 112/2 ಎಂಬುದರ ಒಂದು ಗೀಟು ಬಿಟ್ಟುಹೋದರೆ ಬೇರೆ ಯಾರದೋ ಜಮೀನಾಗುತ್ತದೆ.

ನುಡಿಗೂ ಪೇಜ್‌ಮೇಕರಿಗೂ ಒಯ್ದಾಗ

ಪ್ರಿಂಟಿಂಗ್ ಪ್ರೆಸ್‌ನವರ ದೂರು ಹೆಚ್ಚಾಗಿ ಇಲ್ಲಿಯದು. ಡಾಕ್ಸಿನಲ್ಲಿ ಚಂದ ಕಾಣುವ ಕನ್ನಡ ಪೇಜ್‌ಮೇಕರಿಗೆ ಪೇಸ್ಟ್ ಮಾಡಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತದೆ. ವಾಯ್ಸ್ ಟೈಪಿಂಗಿನಿಂದ ಬರುವುದು ಯುನಿಕೋಡ್ ಕನ್ನಡ, ಅಂದರೆ ಕನ್ನಡ ಅಕ್ಷರಗಳಿಗೆ ತಮ್ಮದೇ ಸ್ಥಾನವಿರುವ ಪದ್ಧತಿ. ಪೇಜ್‌ಮೇಕರಿಗೆ ಯುನಿಕೋಡ್ ತಿಳಿಯದು. ವರ್ಡಿನಲ್ಲಿ ಪೇಸ್ಟ್ ಮಾಡಿ ಫಾಂಟ್ ಪಟ್ಟಿಯಿಂದ, ನುಡಿ ಎಂಬ ಕನ್ನಡ ತಂತ್ರಾಂಶದ ಹಳೇ ಫಾಂಟಾದ ನುಡಿ 01 ಇ ಆರಿಸಿದರೂ ಅಕ್ಷರದ ರೂಪ ಬದಲಾಗುವುದಿಲ್ಲ, ನಿರ್ಮಲಾ ಯುಐ ಅಥವಾ ತುಂಗಾದಲ್ಲೇ ಉಳಿಯುತ್ತದೆ. ಹಳೇ ನುಡಿ ಫಾಂಟಿನಲ್ಲಿ ಕನ್ನಡದ ಚಿತ್ರಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂತಿವೆ, ಯುನಿಕೋಡಿನ ಕನ್ನಡ ಸ್ಥಾನಗಳು ಅದರಲ್ಲಿ ಖಾಲಿ. ಉಲ್ಟಾ ಆದಾಗ, ಅಂದರೆ ಹಳೇ ನುಡಿ ಕಡತವನ್ನು ಡಾಕ್ಸಿಗೆ ತಂದಾಗ, ಪೌಂಡ್ ಗುರುತು, ನೆತ್ತಿಯ ಮೇಲೆ ಗೀಟಿರುವ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುವುದೂ ಇದೇ ಕಾರಣಕ್ಕೆ.

ಪರಿಹಾರ ಕನ್ವರ್ಟರ್ ತಂತ್ರಾಂಶ. ಯುನಿಕೋಡಿನಿಂದ ಆಸ್ಕಿಗೆ, ಅಂದರೆ ಆ ಹಳೇ ನುಡಿ ಫಾಂಟಿನ ಪದ್ಧತಿಗೆ ಬದಲಿಸಿ, ಆಮೇಲೆ ಪೇಜ್‌ಮೇಕರಿಗೆ ಒಯ್ದು ನುಡಿ ಫಾಂಟ್ ಕೊಡಿ. ಮೂಲ ಯುನಿಕೋಡ್ ಕಡತವನ್ನು ಅಳಿಸಬೇಡಿ, ತಿದ್ದುಪಡಿಯೆಲ್ಲ ಅದರಲ್ಲೇ ಮಾಡಿ, ಪರಿವರ್ತನೆ ಕೊನೆಯ ಹೆಜ್ಜೆಯಾಗಿರಲಿ. ಇನ್‌ಡಿಸೈನ್ ಬಳಸುವವರಿಗೆ ಪರಿವರ್ತನೆ ಬೇಡ. ಅಲ್ಲಿ ಒತ್ತಕ್ಷರ ಪಕ್ಕಕ್ಕೆ ಸಿಡಿದು ನಿಂತರೆ ಪ್ಯಾರಾಗ್ರಾಫ್ ಪ್ಯಾನೆಲಿನ ಮೆನುವಿನಲ್ಲಿ ವರ್ಲ್ಡ್ ರೆಡಿ ಪ್ಯಾರಾಗ್ರಾಫ್ ಕಂಪೋಸರ್ ಆರಿಸಿ.

ಪರಿವರ್ತಿಸಿದ ಪ್ರತಿಯ ಪ್ರೂಫ್ ನೋಡುವಾಗ ಮೂರು ಜಾಗಗಳಲ್ಲಿ ನಿಧಾನಿಸಿ: ಕಾರ್ಯ, ವರ್ಷದಂಥ ಅರ್ಕಾವತ್ತಿನ ಪದಗಳು, ಸ್ತ್ರೀ, ರಾಷ್ಟ್ರದಂತೆ ಎರಡು ಒತ್ತು ಬರುವ ಪದಗಳು, ಫೇಸ್‌ಬುಕ್, ಸಾಫ್ಟ್‌ವೇರ್‌ನಂತೆ ನಡುವೆ ಕಣ್ಣಿಗೆ ಕಾಣದ ವಿಭಜಕ ಇರುವ ಪದಗಳು. ಆ ವಿಭಜಕ ಕನ್ವರ್ಟರಿನಲ್ಲಿ ಬಿದ್ದುಹೋದರೆ ಸ ಕೆಳಗೆ ಬ ಒತ್ತಾಗಿ ಇಳಿದಿರುತ್ತದೆ.